ಲಿಂಗಪ್ಪನ ಮೂರಡಿ ಸಮುದ್ರ

ಲಿಂಗಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಿಳಿದದ್ದು ಕಳೆದ ಆಷಾಢದ ಒಂದು ಗುರುವಾರ ಬೆಳಿಗ್ಗೆ. ಪೂಜೆಗೆ ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಸೊಸೆ ಶ್ವೇತಾ ಬಾಗಿಲಿಗೆ ಬಂದು ಸುಮ್ಮನೆ ನಿಂತಳು. ಆ ಹುಡುಗಿ ಮಾತಾಡದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಏನೋ ಆಗಿದೆ ಎಂದು ತಿಳಿಯಿತು. ಸ್ನಾನ ಮುಗಿಸಿ ಬಂದ ಲಿಂಗಪ್ಪ ಸ್ವಲ್ಪ ಆಯಾಸ ಎಂದು ಗೋಡೆಗೆ ಒರಗಿ ಕೂತನಂತೆ. ಅವನ ಹೆಂಡತಿ ದ್ರಾಕ್ಷಾಯಣಿ ಕಾಫಿ ತರುವಷ್ಟರಲ್ಲಿ ಹೊರಟುಹೋಗಿದ್ದನಂತೆ. ಅರವತ್ತು ವರ್ಷದ ಗೆಳೆತನ ಒಂದು ಲೋಟ ಕಾಫಿ ಸೋಸುವ ಹೊತ್ತಿಗೆ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಊರಿನ ಹುಡುಗರು ಹತ್ತಿರದ ಪಾಳ್ಯದ ಸರ್ಕಲ್ಲಿನಲ್ಲಿ ಅವನ ಪಟ ಹಾಕಿದ ದೊಡ್ಡ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ‘ಮೀನು ಲಿಂಗಪ್ಪನವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದಿತ್ತು. ಸಮಾಧಿಯ ಹತ್ತಿರ ನಾನು ಅಳುತ್ತ ನಿಂತಿರುವಾಗ ಹಾಸನದಿಂದ ಬಂದಿದ್ದ ದೂರದ ನೆಂಟರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, ಇವರು ಮೀನಿನ ಅಂಗಡಿ ಎಲ್ಲಿ ಇಟ್ಟಿದ್ದರು ಎಂದು ಮೆಲ್ಲಗೆ ಕೇಳಿದರು. ಕತ್ತಿನಲ್ಲಿ ಲಿಂಗ ಕಟ್ಟಿಕೊಂಡು, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯನ ಬಗ್ಗೆ ಈ ಪ್ರಶ್ನೆ. ನನಗೆ ಅಳುವಿನ ನಡುವೆಯೇ ನಗು ಬಂತು. ಟವಲಿನಲ್ಲಿ ಮುಖ ಮುಚ್ಚಿಕೊಂಡೆ. ದುಃಖ ಹೆಚ್ಚಾಯಿತೆಂದು ತಿಳಿದು ಇಬ್ಬರು ಬಂದು ನನ್ನ ರೆಟ್ಟೆ ಹಿಡಿದುಕೊಂಡರು.

ನಾನು ನಲವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವನು. ಆಳುಗಳ ಹಾಜರಿ ಬಿಟ್ಟರೆ ಬೇರೇನೂ ಬರೆದವನಲ್ಲ. ಆದರೂ ಆ ನೆಂಟರಿಗೂ ಅವರಂಥವರಿಗೂ ನಿಜ ಸಂಗತಿ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಲಿಂಗಪ್ಪ ಎಡವಟ್ಟು ಮನುಷ್ಯ. ಇದನ್ನು ಅವನ ಎದುರಿಗೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಒಮ್ಮೆ ಕುಂದೂರಿನ ಕಡೆ ಮದುವೆಗೆ ಹೋದವನು ಬೇರೆ ಛತ್ರಕ್ಕೆ ನುಗ್ಗಿ, ಗುರುತಿಲ್ಲದ ವಧೂವರರಿಗೆ ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಫೋಟೋಗೂ ನಿಂತು ಬಂದಿದ್ದ. ಆದರೆ ಉಪ್ಪಿನ ವಿಷಯದಲ್ಲಿ ಅವನಿಗೆ ಸಮನಾದವರು ಆಲೂರು, ಸಕಲೇಶಪುರ ಎರಡು ತಾಲ್ಲೂಕಿನಲ್ಲೂ ಇರಲಿಲ್ಲ. ನಮ್ಮೂರ ಮಠದಲ್ಲಿ ಕಾರ್ತಿಕದ ಕಡೇ ಸೋಮವಾರ ನಡೆಯುವ ದಾಸೋಹಕ್ಕೆ ಎರಡು ಸಾವಿರ ಜನ ಬರುತ್ತಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲಿನ ಸಾರಿನ ಸೌಟು ಲಿಂಗಪ್ಪನ ಕೈಯಲ್ಲಿತ್ತು. ಕೊಪ್ಪರಿಗೆಯ ಮುಂದೆ ನಿಂತು ಬೊಗಸೆಯಲ್ಲಿ ಉಪ್ಪು ಹಾಕಿ, ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದನೆಂದರೆ ಸಾರು ಆಯಿತು ಎಂದರ್ಥ. ಹೊಲ, ಮನೆ, ಹೆಸರು ಯಾವುದರ ಆಸೆಯೂ ಅವನಿಗೆ ಇರಲಿಲ್ಲ. ಆ ಸೌಟಿನ ಆಸೆ ಮಾತ್ರ ಇತ್ತು.

ನಾಲ್ಕು ವರ್ಷದ ಹಿಂದೆ ದ್ರಾಕ್ಷಾಯಣಿಯ ತಂಗಿಯ ಮಗ ರೇವಂತ್ ಮಂಗಳೂರಿನಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡ. ನಾನೂ ಹೋಗಿದ್ದೆ. ಅವನ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಸಮುದ್ರದ ನೀರಿನಲ್ಲಿ ಮಾತ್ರ ಬದುಕುವ ಬಣ್ಣದ ಮೀನುಗಳು. ಲಿಂಗಪ್ಪ ಹೋಳಿಗೆ ಬಡಿಸುವವರನ್ನೂ ಗಮನಿಸದೆ ಅದರ ಮುಂದೆ ನಿಂತುಬಿಟ್ಟ. ಊರಿನಲ್ಲಿ ಇಂಥದ್ದೊಂದು ಮಾಡಬಹುದೇ ಎಂದು ಕೇಳಿದ. ಹುಡುಗ ಒಳ್ಳೆಯವನೇ, ಮರ್ಯಾದೆಯಿಂದಲೇ ಹೇಳಿದ.

“ನಿಮ್ಮ ಕಡೆ ಆಗಲ್ಲ ಬಿಡಿ ದೊಡ್ಡಪ್ಪ. ಮೀನು ಸಾಕೋದು ಸುಲಭ. ಉಪ್ಪಿನ ಹದ ಹಿಡಿಯೋದು ಕಷ್ಟ.”

ವಾಪಸು ಬರುವಾಗ ಶಿರಾಡಿ ಘಾಟಿಯುದ್ದಕ್ಕೂ ಬಸ್ಸಿನಲ್ಲಿ ಲಿಂಗಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದ. ದೋಣಿಗಾಲು ದಾಟಿದ ಮೇಲೆ ನನ್ನ ಕಡೆ ತಿರುಗಿದ.

“ಉಪ್ಪಿನ ಹದ ಕಷ್ಟವಂತೆ ಕಣೋ” ಎಂದ.

ಆ ಒಂದು ಮಾತಿಗಾಗಿ ಸಮುದ್ರ ಘಟ್ಟ ಹತ್ತಿತು.

ಹದಿನೈದು ದಿನದಲ್ಲಿ ಅವನು ನನ್ನನ್ನೂ ಎಳೆದುಕೊಂಡು ಮತ್ತೆ ಮಂಗಳೂರಿಗೆ ಹೋದ. ಅಂಗಡಿಗೆ ಹೋಗುವ ಮೊದಲು ಕಡಲ ದಂಡೆಗೆ ನಡೆದ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದು ಬೊಗಸೆ ಸಮುದ್ರವನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ದಡದ ಕಾವಲುಗಾರ ಸೀಟಿ ಊದುತ್ತ ಓಡಿಬಂದು ಅವನ ತೋಳು ಹಿಡಿದ. ಮನೆಯಲ್ಲಿ ಏನು ತೊಂದರೆ, ಮಕ್ಕಳು ಸರಿಯಾಗಿ ನೋಡಿಕೊಳ್ಳುವುದಿಲ್ಲವೇ, ಇಂಥದ್ದಕ್ಕೆಲ್ಲ ಕೈ ಹಾಕಬಾರದು ಎಂದು ಬುದ್ಧಿ ಹೇಳತೊಡಗಿದ. ಬಾಯಿ ತುಂಬ ನೀರಿದ್ದುದರಿಂದ ಲಿಂಗಪ್ಪನಿಗೆ ಉತ್ತರ ಕೊಡಲಾಗಲಿಲ್ಲ. ಅದನ್ನು ಕಂಡು ಕಾವಲುಗಾರನಿಗೆ ಇನ್ನಷ್ಟು ಗಾಬರಿಯಾಯಿತು. ಇವರು ಅಡಿಗೆಯವರು, ಉಪ್ಪು ನೋಡುತ್ತಿದ್ದಾರೆ ಅಷ್ಟೇ ಎಂದು ನಾನು ಹೇಳಿದ್ದರಿಂದ ಅವನ ಸಂಶಯ ನನ್ನ ಮೇಲೂ ಬಂತು. ಇಬ್ಬರನ್ನೂ ದಡದ ಬೆಂಚಿನ ಮೇಲೆ ಕೂರಿಸಿ ಎಳನೀರು ಕುಡಿಸಿ ಕಳಿಸಿದ.

ಅಂಗಡಿಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಮರಳು, ತೂತುತೂತಾದ ಸಮುದ್ರದ ಕಲ್ಲು, ನೀರು ತಿರುಗಿಸುವ ಪಂಪು, ನಮ್ಮ ಕಡೆಯ ಚಳಿಗೆಂದು ಒಂದು ಹೀಟರು, ಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪಿನ ಚೀಲ ಎಲ್ಲ ಕೊಟ್ಟರು. ಉಪ್ಪು ಅಳೆಯುವ ಒಂದು ಮುಳ್ಳಿನ ಡಬ್ಬಿಯನ್ನೂ ಕೊಟ್ಟರು. ಲಿಂಗಪ್ಪ ಅದನ್ನು ನನ್ನ ಜೇಬಿಗೆ ಹಾಕಿದ. ಮೀನು ಕೊಡಲು ಮಾತ್ರ ಅಂಗಡಿಯವನು ಒಪ್ಪಲಿಲ್ಲ. ಕಲ್ಲಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ನೀರಿಗೆಲ್ಲ ಹರಡಬೇಕು, ಮೀನಿನ ಹೊಲಸನ್ನು ಅವೇ ತಿಂದು ನೀರು ಶುದ್ಧ ಇಡುತ್ತವೆ, ಅದಕ್ಕೆ ಆರು ವಾರ ಬೇಕು, ಅವಸರ ಮಾಡಿದರೆ ಮೀನು ಸಾಯುತ್ತವೆ ಎಂದ. ನಾನು ಡಿಪ್ಲೊಮಾ ಓದಿದವನಾದರೂ ನನಗೆ ಅರ್ಥವಾಗಲಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟ ಲಿಂಗಪ್ಪನಿಗೆ ತಕ್ಷಣ ಅರ್ಥವಾಯಿತು.

“ಹೆಪ್ಪು ಹಾಕೋದು ಅನ್ನಿ” ಎಂದ.

ಊರಿಗೆ ಬಂದು ಕೊಳಗದಲ್ಲಿ ನೀರು, ಬೊಗಸೆಯಲ್ಲಿ ಉಪ್ಪು ಹಾಕುತ್ತ, ನಾಲಿಗೆಗೆ ಬಿಟ್ಟುಕೊಳ್ಳುತ್ತ, ಮಂಗಳೂರಿನ ಕಡಲನ್ನು ನೆನಪು ಮಾಡಿಕೊಳ್ಳುತ್ತ ಅರ್ಧ ದಿನ ಕಳೆದ. ಕೊನೆಗೆ ಕಣ್ಣು ತೆರೆದು ಆಯಿತು ಎಂದ. ನಾನು ಕನ್ನಡಕ ಹಾಕಿಕೊಂಡು ಮುಳ್ಳಿನ ಡಬ್ಬಿ ಅದ್ದಿದೆ. ಮುಳ್ಳು ಸರಿಯಾದ ಹದ ತೋರುವ ಹಸಿರು ಪಟ್ಟಿಯ ನಟ್ಟನಡುವೆ ನಿಂತಿತು. ನಂಬಿಕೆ ಬರದೆ ತೊಳೆದು ಮತ್ತೆ ಅದ್ದಿದೆ. ಅಲ್ಲೇ ನಿಂತಿತು. ಅಷ್ಟೇ ಅಲ್ಲ, ದಿನಕಳೆದಂತೆ ತೊಟ್ಟಿಯ ನೀರು ಇಂಗಿದಾಗ ಅವನು ಉಪ್ಪುನೀರು ಹಾಕದೆ ಬರೀ ಸಿಹಿನೀರು ಹಾಕಿದ. ರೇವಂತ್ ಫೋನಿನಲ್ಲಿ ಇದನ್ನು ಕೇಳಿ, ನಿಮಗೆ ಯಾರು ಹೇಳಿಕೊಟ್ಟರು ದೊಡ್ಡಪ್ಪ, ನಾನು ಮತ್ತೆ ಮತ್ತೆ ಉಪ್ಪುನೀರು ಹಾಕಿಯೇ ಮೊದಲ ಮೀನುಗಳನ್ನು ಕೊಂದೆ ಎಂದ. ಸಾರು ಕುದ್ದು ಇಂಗಿದರೆ ಯಾವ ಅಡಿಗೆಯವನೂ ಇನ್ನಷ್ಟು ಉಪ್ಪು ಹಾಕುವುದಿಲ್ಲವಲ್ಲ ಎಂಬುದು ಲಿಂಗಪ್ಪನ ಉತ್ತರ.

ಆ ಆರು ವಾರ ಊರಿನ ಜನ ಮೀನು ನೋಡಲು ಬಂದು ನೀರು ನೋಡಿಕೊಂಡು ಹೋದರು. ಕಾಫಿ ಕೊಟ್ಟು, ಕೂರಿಸಿ, ದೀಪ ಹಾಕಿ, ಪರದೆ ಸರಿಸಿದರೆ ಒಳಗೆ ನಾಲ್ಕು ಕಲ್ಲು. ನೀರು ಹೆಪ್ಪಾಗುತ್ತಿದೆ ಎಂದು ಲಿಂಗಪ್ಪ ಗಂಭೀರವಾಗಿ ವಿವರಿಸುತ್ತಿದ್ದ. ನಮ್ಮ ಎರಡೂ ಮನೆಯ ನಡುವೆ ವಾಸವಾಗಿರುವ ಮಾದಮ್ಮ ಬಹಳ ಹೊತ್ತು ನೋಡಿ, “ನೀರು ನೋಡಕ್ಕೆ ನಮ್ಮ ಬಾವೀನೇ ಐತಲ್ಲಪ್ಪ, ಅದ್ರಲ್ಲಿ ಒಂದು ಕಪ್ಪೆನಾದ್ರೂ ಐತೆ” ಎಂದು ಎದ್ದಳು.

ಏಳನೇ ವಾರ ಎರಡು ಮೀನು ಬಂದವು. ಹೊಸಬರು ಸಾಕಲು ಸುಲಭವೆಂದು ಅಂಗಡಿಯವನು ಆರಿಸಿಕೊಟ್ಟವು. ಒಂದು ಹೆಬ್ಬೆರಳಷ್ಟು, ಇನ್ನೊಂದು ಕಿರುಬೆರಳಷ್ಟು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಸ್ಪಷ್ಟವಾಗಿ ಮೂರು ಬಿಳಿ ಪಟ್ಟೆ. ಲಿಂಗಪ್ಪ ನನ್ನನ್ನು ಕರೆಸಿ ತೋರಿಸಿದ. ಅವನ ಕಣ್ಣಿನಲ್ಲಿ ನೀರಿತ್ತು.

“ವಿಭೂತಿ ಇಟ್ಕೊಂಡೇ ಬಂದವೆ ನೋಡೋ” ಎಂದ.

ಬಂದವು ಸರಿ, ಉಣ್ಣಲಿಲ್ಲ. ಅಂಗಡಿಯ ಕಾಳು ಹಾಕಿದ, ಮೂಸಿ ತಿರುಗಿದವು. ಅನ್ನದ ಅಗುಳು, ಕಡಲೆಹಿಟ್ಟು, ಅಕ್ಕಿರೊಟ್ಟಿಯ ಚೂರು ಎಲ್ಲ ತಳ ಸೇರಿದವು. ಎರಡು ಸಾವಿರ ಜನಕ್ಕೆ ಬಡಿಸಿ ಒಬ್ಬರನ್ನೂ ಹಸಿದು ಕಳಿಸದವನ ಮನೆಯಲ್ಲಿ ಎರಡು ಜೀವ ಉಪವಾಸ ಕೂತವು. ಮೂರನೇ ದಿನ ಅಂಗಡಿಗೆ ಫೋನು ಮಾಡಿದ. ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿ ಕೊಡಿ, ಅಭ್ಯಾಸವಾಗುವವರೆಗೆ ಅದೇ ಬೇಕು ಎಂದು ಅವರು ಬಸ್ಸಿಗೆ ಹಾಕಿ ಕಳಿಸಿದರು.

ಇಲ್ಲಿಂದ ಲಿಂಗಪ್ಪನ ಎಡವಟ್ಟು ಶುರು. ಅವನ ಮನೆಯ ಫ್ರಿಜ್ಜಿನಲ್ಲಿ ದ್ರಾಕ್ಷಾಯಣಿ ಪೂಜೆಯ ಹೂ, ಅಭಿಷೇಕದ ಹಾಲು ಇಡುತ್ತಾಳೆ. ಅಲ್ಲಿ ಸೀಗಡಿ ಇಡುವುದು ಸಾಧ್ಯವಿಲ್ಲ. ಆದ್ದರಿಂದ ಅದನ್ನು ಒಂದು ಕಾಫಿಪುಡಿ ಡಬ್ಬಿಗೆ ತುಂಬಿ, ನಾನಿಲ್ಲದಾಗ ನನ್ನ ಮನೆಗೆ ತಂದು, ಇದು ಔಷಧಿ, ಐಸಿನಲ್ಲಿ ಇರಬೇಕು, ಮುಚ್ಚಳ ತೆಗೆಯಬೇಡ ಮಗಾ ಎಂದು ಶ್ವೇತಾಳ ಕೈಗೆ ಕೊಟ್ಟುಹೋದ. ಅಂದಿನಿಂದ ದಿನಾ ಸಂಜೆ ನಮ್ಮ ಮನೆಗೆ ಬರತೊಡಗಿದ. ಹತ್ತು ನಿಮಿಷ ಮಾತಾಡಿ, ಅಡಿಗೆಮನೆಗೆ ಹೋಗಿ ನೀರು ಕುಡಿದು ಹೊರಡುತ್ತಿದ್ದ. ವಯಸ್ಸಾದಂತೆ ಅವನಿಗೆ ನನ್ನ ಮೇಲೆ ಪ್ರೀತಿ ಹೆಚ್ಚುತ್ತಿದೆ ಎಂದು ನಾನು ಶಿವನಿಗೆ ಕೈಮುಗಿದೆ.

ಎಂಟನೇ ದಿನ ಮರ ಬಿದ್ದು ಕರೆಂಟು ಹೋಯಿತು. ಮಧ್ಯಾಹ್ನಕ್ಕೆ ಡಬ್ಬಿ ಕರಗಿ ತನ್ನ ಇರುವನ್ನು ತಾನೇ ತಿಳಿಸಿತು. ಶ್ವೇತಾ ಮುಚ್ಚಳ ತೆಗೆದು ನೋಡಿದಳು. ದಿನಾ ಸಂಜೆ ಅಡಿಗೆಮನೆಗೆ ಹೋಗಿ ಬರುವ ಗೆಳೆಯ, ಅವನನ್ನು ಕಾಯುತ್ತ ಕೂರುವ ಮಾವ, ಎರಡನ್ನೂ ಕೂಡಿಸಿದಳು. ನನ್ನ ಪಕ್ಕ ಕೂತು ಬಹಳ ಮೃದುವಾಗಿ ಮಾತಾಡಿದಳು.

“ಡಾಕ್ಟರು ಶಕ್ತಿಗೆ ತಿನ್ನಿ ಅಂದಿದ್ರೆ ನಂಗೆ ಹೇಳ್ಬಹುದಿತ್ತು ಮಾವ. ನಾನೇನೂ ತಪ್ಪು ತಿಳ್ಕೊಳ್ತಿರ್ಲಿಲ್ಲ. ಆದ್ರೆ ಹಸೀದು ತಿನ್ಬೇಡಿ.”

ಏನನ್ನು ಎಂದು ನಾನು ಕೇಳುವ ಮೊದಲೇ, ಕರಿಬೇವು ಕೇಳಲು ಹಿತ್ತಿಲಿಗೆ ಬಂದಿದ್ದ ಮಾದಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅವಳು ಕೆಟ್ಟವಳಲ್ಲ. “ತಿನ್ಲಿ ಬುಡವ್ವ, ವಯಸ್ಸಾದೋರು” ಎಂದು ನನ್ನ ಪರವಾಗಿಯೇ ಮಾತಾಡಿದಳು. ಆ ಸಂಜೆ ಬೇಲಿಯ ಮೇಲಿಂದ, ತನ್ನ ಮನೆಯಲ್ಲಿ ಒಣಸೀಗಡಿ ಇದೆ, ಚಟ್ನಿ ಚೆನ್ನಾಗಿ ಆಗುತ್ತದೆ, ಸಂಕೋಚಪಡಬೇಡಿ ಎಂದಳು. ಇದೇ ಕನಿಕರವನ್ನು ಅವಳು ಡೈರಿಯಲ್ಲಿ ಹಾಲು ಹಾಕಲು ಬಂದವರ ಮುಂದೆಯೂ ತೋರಿಸಿದಳು. ಮರುದಿನದ ಹೊತ್ತಿಗೆ ಸುದ್ದಿ ಪಾಳ್ಯ ಮುಟ್ಟಿತು. ಲಿಂಗಪ್ಪ ಮೀನು ಸಾಕುವುದು ತಿನ್ನುವುದಕ್ಕೆ, ತೊಟ್ಟಿಗೆ ಉಪ್ಪು ಹಾಕಿರುವುದು ಬದುಕಿರುವಾಗಲೇ ರುಚಿ ಹಿಡಿಯಲಿ ಎಂದು, ಇಬ್ಬರೂ ಮುದುಕರು ಸರದಿಯ ಮೇಲೆ ಊಟ ಮಾಡುತ್ತಿದ್ದಾರೆ. ಹೀಗೆ.

ದಾಸೋಹಕ್ಕೆ ಉಳಿದದ್ದು ಹನ್ನೆರಡು ದಿನ. ದಾಸೋಹದ ಕಮಿಟಿಗೆ ಹಿರಿಯರಾದ ವೀರಭದ್ರಯ್ಯನವರು ನಮ್ಮಿಬ್ಬರನ್ನೂ ಮಠದ ಜಗುಲಿಗೆ ಕರೆಸಿದರು. ತೆಳ್ಳಗಿನ ಮೈ, ನಿಧಾನದ ಮಾತು. ಕೋಪ ಬಂದಷ್ಟೂ ದನಿ ತಗ್ಗುವ ಸ್ವಭಾವ. ಅವತ್ತು ಅವರ ದನಿ ಕೇಳಲು ನಾವು ಬಗ್ಗಬೇಕಾಯಿತು. ಸೀಗಡಿ ಇದ್ದದ್ದು ನಿಜವೇ ಎಂದರು. ನಿಜ ಎಂದ ಲಿಂಗಪ್ಪ. ಎಲ್ಲಿತ್ತು ಎಂದರು. ಅವನು ನನ್ನ ಕಡೆ ಬೆರಳು ತೋರಿಸಿದ. ತ್ರಿಕಾಲ ಪೂಜೆ ಮಾಡುವ ನನ್ನ ಮನೆಯಲ್ಲಿ ಎಂಟು ದಿನ ಸೀಗಡಿ ಇತ್ತೆಂದು ಊರು ಆಡಿದ ಮಾತನ್ನು ನಾನು ನಂಬಿದ್ದೇ ಆಗ. ನಾನು ಅವನ ಕಡೆ ತಿರುಗಿದೆ.

“ನಿಂಗೆ ಹೇಳಿದ್ರೆ ನಿದ್ದೆ ಬತ್ತಿರ್ಲಿಲ್ಲ ಕಣೋ” ಎಂದು ಅವನು ನನ್ನನ್ನು ಸಮಾಧಾನ ಮಾಡಿದ.

ತಾನು ತಿಂದಿಲ್ಲ, ಮೀನಿಗೆ ಹಾಕಿದ್ದು, ಬಂದು ನೋಡಿ ಎಂದ. ಅಯ್ಯನವರೂ ಕಮಿಟಿಯ ನಾಲ್ವರೂ ಹೆಣ್ಣು ನೋಡಲು ಬಂದವರಂತೆ ಅವನ ಹಜಾರದಲ್ಲಿ ಸಾಲಾಗಿ ಕೂತರು. ಮೀನುಗಳು ಸುತ್ತಿದವು. ಅಯ್ಯನವರು ಪಟ್ಟೆಗಳನ್ನು ಎಣಿಸಿದ್ದು ನನಗೆ ಕಂಡಿತು. ವಿಭೂತಿಯ ಮಾತನ್ನು ಲಿಂಗಪ್ಪ ಎತ್ತಿದ. ವಿಭೂತಿ ಅಡ್ಡ ಇರುತ್ತದೆ, ಇವು ಉದ್ದ ಇವೆ ಎಂದು ಅಯ್ಯನವರು ಆಕ್ಷೇಪಿಸಿದರು.

“ಅವು ಮಲಗ್ಕೊಂಡು ಓಡಾಡ್ತವೆ ಅಯ್ಯಾ. ನಮ್ಮಂಗೆ ನಿಂತ್ರೆ ಅಡ್ಡವೇ ಆಯ್ತವೆ.”

ಕಮಿಟಿಯವರು ತಲೆ ಓರೆ ಮಾಡಿ ನೋಡಿದರು. ಆದರೂ ಸೀಗಡಿ ಮುಟ್ಟುವ ಕೈ ದಾಸೋಹದ ಸೌಟು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಕೊನೆಗೆ ಅಯ್ಯನವರು ಹನ್ನೊಂದು ದಿನದ ಗಡುವು ಕೊಟ್ಟರು. ಅಷ್ಟರೊಳಗೆ ಮೀನುಗಳು ಸೊಪ್ಪು ಕಾಳು ತಿನ್ನುವುದನ್ನು ಕಲಿಯಬೇಕು. ಕಲಿತರೆ ಸೌಟು ಲಿಂಗಪ್ಪನದು. ಇಲ್ಲದಿದ್ದರೆ ಕುಂದೂರಿನಿಂದ ಬೇರೆ ಅಡಿಗೆಯವನನ್ನು ಕರೆಸುವುದು.

ನಮ್ಮೂರಿನಲ್ಲಿ ಅದಕ್ಕೆ ಮುಂಚೆ ಜನ ಒಟ್ಟಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಈಗ ಮಾಡಿದರು. ಒಬ್ಬರು ಹೆಸರುಬೇಳೆ ಹಲ್ವ ತಂದರು. ಪಶು ಆಸ್ಪತ್ರೆಯ ಕಾಂಪೌಂಡರು ಬಂದು ಮೀನಿನ ನಾಲಿಗೆ ನೋಡಬೇಕು ಎಂದ. ಮಠದ ಹುಡುಗರು ತೊಟ್ಟಿಯ ಮುಂದೆ ವಚನ ಹಾಡಿದರು. ಮಾದಮ್ಮ ತನ್ನ ಮಾತಿನಿಂದ ಆದ ಅನಾಹುತಕ್ಕೆ ಹೆದರಿ ಹರಕೆಯನ್ನೇ ಹೊತ್ತಳು. ಅದು ಮೀನೂಟ ಬಿಡುವ ಹರಕೆಯಾದ್ದರಿಂದ ಅವಳ ಗಂಡ ನನ್ನ ಬಳಿ ಬಂದು ದೂರಿದ.

ಲಿಂಗಪ್ಪ ಅಡಿಗೆಯವನಂತೆ ಯೋಚಿಸಿದ. ರೇವಂತನಿಂದ ಸಮುದ್ರದ ಸೊಪ್ಪಿನ ಹಾಳೆ ತರಿಸಿದ. ಬೇಯಿಸಿದ ಬಟಾಣಿಯ ಜೊತೆ ಅರೆದ. ನೀರಿನಲ್ಲಿ ಕದಡದಿರಲೆಂದು ಸಿಹಿತಿಂಡಿಗೆ ಹಾಕುವ ಚೈನಾಗ್ರಾಸ್ ಕರಗಿಸಿ ಸೇರಿಸಿದ. ಇಷ್ಟಾದರೂ ಅವು ಮೂಸಲಿಲ್ಲ. ಬಾಯಿ ಕೆಟ್ಟವರಿಗೆ ವಾಸನೆ ತೋರಿಸಬೇಕು ಎಂದು ಕೊನೆಗೆ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ರಸ ಬಿಟ್ಟ. ದೊಡ್ಡ ಮೀನು ಕಲ್ಲಿನ ಸಂದಿಯಿಂದ ನೆಟ್ಟಗೆ ಬಂದು ಬಾಯಿ ಹಾಕಿತು. ಬೆಳ್ಳುಳ್ಳಿಗೆ ಮೀನು ಬರುತ್ತದೆಂದು ತಿಳಿದವರೂ ಹೇಳುತ್ತಾರೆ ಎಂದು ರೇವಂತ್ ಆಮೇಲೆ ನನಗೆ ತಿಳಿಸಿದ. ಲಿಂಗಪ್ಪನಿಗೆ ಯಾರೂ ಹೇಳಿರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಸರಳಿಗೆ ಜನ ಜೋತುಬಿದ್ದಿದ್ದರು. ಲಿಂಗಪ್ಪ ಹಸಿರು ತುಣುಕುಗಳನ್ನು ನೀರಿಗೆ ಬಿಟ್ಟ. ದೊಡ್ಡದು ಬಂತು, ತಿಂದಿತು, ಇನ್ನೊಂದಕ್ಕೆ ತಿರುಗಿತು. ಸಣ್ಣದೂ ಬಂದು ಒಂದು ತುಣುಕು ಬಾಯಿಗೆ ಹಾಕಿಕೊಂಡು ಕಲ್ಲಿನ ಹಿಂದೆ ಹೋಯಿತು. ಜನ ಚಪ್ಪಾಳೆ ಹೊಡೆದರು. ಅಯ್ಯನವರ ಮುಖ ಅರಳಿತು. ಅವರಿಗೂ ಕುಂದೂರಿನ ಸಾರು ಉಣ್ಣುವ ಮನಸ್ಸಿರಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚು ಎಂದು ಹೇಳಿ ಎದ್ದೂಬಿಟ್ಟರು.

ಲಿಂಗಪ್ಪ ಸುಮ್ಮನಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರು ಎಂದು ನಾನು ಅವನ ಪಂಚೆ ಎಳೆದೆ.

“ಕೂತ್ಕಳಿ ಅಯ್ಯಾ” ಎಂದ ಅವನು. “ದೊಡ್ಡದು ಉಣ್ತು. ಸಣ್ಣದು ಉಣ್ಣಲಿಲ್ಲ. ಕಲ್ಲಿನ ಹಿಂದೆ ಹೋಗಿ ಉಗಿದು ಬತ್ತದೆ. ದಿನಾ ಹಂಗೇ ಮಾಡ್ತದೆ.”

ಈ ಹನ್ನೊಂದು ದಿನ ಅದು ಏನು ತಿಂದಿತು ಎಂದು ಅಯ್ಯನವರು ಕೇಳಿದರು.

“ಮೂರು ದಿನ ತಡ್ಕೊಂಡೆ. ನಾಕನೇ ದಿನ ಮತ್ತೆ ಸೀಗಡಿ ತರ್ಸಿ ಹಾಕ್ಬುಟ್ಟೆ. ಪಂಕ್ತೀಲಿ ಒಬ್ಬ ಹಸ್ಕೊಂಡು ಎದ್ರೆ ಅಡಿಗೆ ಆದಂಗಲ್ಲ. ಕುಂದೂರೋನ್ನೇ ಕರೆಸ್ಕಳಿ ಅಯ್ಯಾ.”

ಇಷ್ಟು ಹೇಳಿ ಅವನು ತೊಟ್ಟಿಯ ಕಡೆ ಮುಖ ಮಾಡಿ ನಿಂತ. ಹತ್ತೊಂಬತ್ತು ವರ್ಷದ ಸೌಟನ್ನು ಕಿರುಬೆರಳಷ್ಟು ಜೀವಕ್ಕಾಗಿ ಬಿಟ್ಟುಕೊಟ್ಟಿದ್ದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಯಿ ಬಿಟ್ಟಳು.

“ಅದು ಉಣ್ಣದ ಮೂರು ದಿನ ಇವ್ರೂ ಉಣ್ಣಲಿಲ್ಲ ಅಯ್ಯಾ. ಕೇಳಿದ್ರೆ ಹೊಟ್ಟೆ ಸರಿ ಇಲ್ಲ ಅಂದ್ರು.”

ವೀರಭದ್ರಯ್ಯನವರು ಮತ್ತೆ ಕೂತರು. ಆಮೇಲೆ ಮಾತಾಡಿದಾಗ ಅವರ ದನಿ ಕಿಟಕಿಯ ಹೊರಗಿನವರಿಗೂ ಕೇಳಿಸಿತು.

“ಇವನ ಕೈಯಿಂದ ಕಿತ್ಕೊಂಡು ಇನ್ಯಾರ ಕೈಗೆ ಕೊಡ್ಲಿ ಆ ಸೌಟನ್ನ?”

ಆದರೆ ಕಮಿಟಿ ಎಂದ ಮೇಲೆ ಒಂದು ಠರಾವು ಆಗಲೇಬೇಕು. ಅಲ್ಲೇ ಕೂತು ಮಾಡಿದರು. ಲಿಂಗಪ್ಪ ಮೀನಿಗೆ ಎಡಗೈಯಲ್ಲಿ ಹಾಕತಕ್ಕದ್ದು, ಸೌಟನ್ನು ಬಲಗೈಯಲ್ಲಿ ಹಿಡಿಯತಕ್ಕದ್ದು. ಒಂದು ಕೈಯ ಕೆಲಸಕ್ಕೆ ಇನ್ನೊಂದು ಕೈ ಬರಕೂಡದು. ಸೀಗಡಿಯ ಡಬ್ಬಿಯನ್ನು ಇನ್ನು ಮುಂದೆ ಮಾದಮ್ಮನ ಫ್ರಿಜ್ಜಿನಲ್ಲಿ ಇಡತಕ್ಕದ್ದು, ಏಕೆಂದರೆ ಆ ವಿಷಯ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಮಾದಮ್ಮ ಸಂತೋಷದಿಂದ ಒಪ್ಪಿದಳು. ಅವಳ ಗಂಡ ಹರಕೆ ಮುಗಿಯಿತೇ ಎಂದು ಕೇಳಿದ.

ಆ ಸೋಮವಾರ ಎರಡು ಸಾವಿರದ ಮುನ್ನೂರು ಎಲೆ ಬಿದ್ದವು. ಲಿಂಗಪ್ಪ ಎಡಗೈಯನ್ನು ಬೆನ್ನಿಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಕೊಪ್ಪರಿಗೆ ತಿರುವಿದ. ಠರಾವಿನಲ್ಲಿ ಅಷ್ಟು ಹೇಳಿರಲಿಲ್ಲ, ಆದರೆ ಅವನು ಹಾಗೆಯೇ ಅರ್ಥ ಮಾಡಿಕೊಂಡಿದ್ದ. ಆಮೇಲಿನ ವರ್ಷಗಳಲ್ಲೂ ಹಾಗೆಯೇ ಮಾಡಿದ. ಉಪ್ಪು ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ದೂರದ ಊರಿನವರು ಅವನ ಒಂದು ಕೈ ಸ್ವಾಧೀನವಿಲ್ಲವೆಂದು ತಿಳಿದು ಮರುಗುತ್ತಿದ್ದರು.

ಈಗ ಮೀನಿಗೆ ದ್ರಾಕ್ಷಾಯಣಿ ಹಾಕುತ್ತಾಳೆ. ಈ ಕಾರ್ತಿಕಕ್ಕೆ ಸೌಟು ಯಾರ ಕೈಗೆ ಎಂದು ಅಯ್ಯನವರು ಇನ್ನೂ ಹೇಳಿಲ್ಲ. ಕೇಳಿದರೆ ನೋಡೋಣ ಎನ್ನುತ್ತಾರೆ, ದನಿ ತಗ್ಗುತ್ತದೆ. ನಾನು ಸಂಜೆಯ ಹೊತ್ತು ಬಾಗಿಲು ತೆರೆದಿಟ್ಟು ಕೂರುತ್ತೇನೆ. ಶ್ವೇತಾ ಎರಡು ಲೋಟ ಕಾಫಿ ತಂದು, ನೆನಪಾಗಿ, ಒಂದನ್ನು ತಾನೇ ಕುಡಿಯುತ್ತಾಳೆ.

ಶಿವನೇ, ಅವನು ನಿನ್ನ ಬಳಿಗೆ ಬಂದಿದ್ದಾನೆ. ಬಂದ ಕೂಡಲೇ ನಿನ್ನ ಅಡಿಗೆಮನೆ ಎಲ್ಲಿ ಎಂದು ಕೇಳಿರುತ್ತಾನೆ. ದಾರಿ ತಪ್ಪಿ ಬೇರೆ ಬಾಗಿಲಿಗೆ ಹೋಗಿದ್ದರೆ ಕೈಹಿಡಿದು ಕರೆದುಕೋ. ಅಷ್ಟು ವರ್ಷದ ದಾಸೋಹದಲ್ಲಿ ಅವನು ಒಂದು ದಿನವೂ ಎಲೆಯ ಮುಂದೆ ಕೂತು ಉಂಡವನಲ್ಲ. ಎಲ್ಲರೂ ಎದ್ದ ಮೇಲೆ ಒಲೆಯ ಪಕ್ಕ ನಿಂತೇ ಉಂಡು ಕೈತೊಳೆಯುತ್ತಿದ್ದ. ಇನ್ನಾದರೂ ಅವನನ್ನು ಪಂಕ್ತಿಯಲ್ಲಿ ಕೂರಿಸು. ಅವನು ಏಳಲು ಹೋದರೆ ಬಿಡಬೇಡ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನು ನೆಮ್ಮದಿಯಾಗಿ ಕೂತಿರಲಿ, ನೀನೇ ಬಡಿಸು.